ಒಬ್ಬರ ಬಲ, ಸಂಸ್ಥೆಯ ಬಲ

ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವವರು, ಅಲ್ಲಿ ಟ್ರಸ್ಟಿಗಳಾಗಿ ಕೂರುವವರು, ಅವಕ್ಕೆ ಹಣ ಕೊಡುವವರು ಈಚೆಗೆ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ನಮ್ಮಂಥ ಸಂಸ್ಥೆಗೂ ಕೋಚ್ ಬೇಕೇ? ಕ್ರಿಕೆಟ್ ತಂಡಕ್ಕೆ ಕೋಚ್ ಇರುವುದು ಎಲ್ಲರಿಗೂ ಗೊತ್ತು. ದೊಡ್ಡ ಕಂಪನಿಗಳ ಮೇಲಧಿಕಾರಿಗಳು ಕೋಚ್ ಇಟ್ಟುಕೊಳ್ಳುವ ಸುದ್ದಿಯೂ ಹಳೆಯದೇ. ಆದರೆ ವಿಶೇಷಚೇತನ ಮಕ್ಕಳ ಶಾಲೆ ನಡೆಸುವ, ಕೆರೆಯ ಹೂಳೆತ್ತಿಸುವ, ಹಾಡಿಗಳಲ್ಲಿ ಆರೋಗ್ಯದ ಕೆಲಸ ಮಾಡುವ ಸಂಸ್ಥೆಗೆ ನಾಯಕತ್ವದ ಕೋಚ್ ಬಂದು ಮಾಡುವುದಾದರೂ ಏನು? ಪ್ರಶ್ನೆಯ ಒಳಗೆ ಕುತೂಹಲದಷ್ಟೇ ಅನುಮಾನವೂ ಇದೆ, ಮತ್ತು ಆ ಅನುಮಾನ ನ್ಯಾಯವಾದದ್ದು. ನನ್ನ ಉತ್ತರ: ಬೇಕು, ಆದರೆ ಸಾಮಾನ್ಯವಾಗಿ ಹೇಳುವ ಕಾರಣಕ್ಕಲ್ಲ. ಮುಖ್ಯಸ್ಥರನ್ನು ಇನ್ನಷ್ಟು ಸಮರ್ಥರನ್ನಾಗಿ ಮಾಡಲು ಕೋಚ್ ಬರುತ್ತಾರೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಸೇವಾಸಂಸ್ಥೆ ಕಟ್ಟಿದವರಲ್ಲಿ ಸಾಮರ್ಥ್ಯಕ್ಕೆ ಬರವಿಲ್ಲ. ಬರ ಇರುವುದು ಅವರ ಸುತ್ತ. ಎಲ್ಲವನ್ನೂ ಒಬ್ಬರೇ ಹೊತ್ತು ನಡೆಸಿದ ಸಂಸ್ಥೆಯಲ್ಲಿ ಉಳಿದವರ ಹೆಗಲಿಗೆ ಭಾರ ಹೊರುವ ಅಭ್ಯಾಸವೇ ಆಗಿರುವುದಿಲ್ಲ. ಆ ಭಾರವನ್ನು ಹತ್ತು ಹೆಗಲಿಗೆ ಹಂಚುವಾಗ, ಒಳಗಿನವರಿಗೆ ಹೇಳಲಾಗದ್ದನ್ನು ಹೇಳುವ ಒಬ್ಬರು ಬೇಕಾಗುತ್ತಾರೆ.

ಕೋಚಿಂಗ್ ಎಂಬ ಪದ ನಮ್ಮಲ್ಲಿ ಸಿಇಟಿ, ನೀಟ್ ತರಗತಿಗಳಿಗೆ ಅಂಟಿಕೊಂಡಿರುವುದರಿಂದ ಗೊಂದಲ ಸಹಜ. ಇಲ್ಲಿನ ಕೋಚ್ ಪಾಠ ಹೇಳುವವರಲ್ಲ. ತರಬೇತುದಾರರು ಒಂದು ವಿಷಯ ಕಲಿಸಿ ಹೋಗುತ್ತಾರೆ. ಸಲಹೆಗಾರರು ಸಂಸ್ಥೆಯನ್ನು ಅಧ್ಯಯನ ಮಾಡಿ ವರದಿ ಕೊಡುತ್ತಾರೆ. ಹಿರಿಯ ಮಾರ್ಗದರ್ಶಕರು ತಮ್ಮ ಅನುಭವ ಹೇಳುತ್ತಾರೆ. ಕೋಚ್ ಮಾಡುವುದು ಕೇಳುವ ಕೆಲಸ. ಪ್ರಶ್ನೆ ಕೇಳುವುದು, ಬಂದ ಉತ್ತರವನ್ನು ಕಿವಿಗೊಟ್ಟು ಕೇಳುವುದು, ಎರಡೂ. 1974ರಲ್ಲಿ ಅಮೆರಿಕದ ಟೆನಿಸ್ ಶಿಕ್ಷಕ ಟಿಮತಿ ಗಾಲ್ವೆ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಪುಸ್ತಕ ಬರೆದರು. ಹೀಗೆ ಹೊಡಿ, ಹಾಗೆ ಹೊಡಿ ಎಂದು ಬೆನ್ನ ಹಿಂದೆ ನಿಂತು ಕೂಗುವುದಕ್ಕಿಂತ, ಆಟಗಾರ ಚೆಂಡನ್ನು ತಾನೇ ಗಮನಿಸುವಂತೆ ಮಾಡಿದರೆ ಬೇಗ ಕಲಿಯುತ್ತಾನೆ ಎಂಬುದು ಅವರ ವಾದ. ಕಾರ್ ರೇಸ್ ಚಾಲಕರಾಗಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ ಆ ವಿಚಾರವನ್ನು ಕಚೇರಿಗಳಿಗೆ ತಂದು, 1992ರಲ್ಲಿ ‘ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್’ ಪ್ರಕಟಿಸಿದರು. 1995ರಲ್ಲಿ ಇಂಟರ್‌ನ್ಯಾಷನಲ್ ಕೋಚ್ ಫೆಡರೇಷನ್ ಹುಟ್ಟಿತು. ಅದು ಕೊಡುವ ಮೊದಲ ಹಂತದ ಮಾನ್ಯತೆಗೆ 60 ಗಂಟೆ ಶಿಕ್ಷಣ, 100 ಗಂಟೆ ಕೋಚಿಂಗ್ ಅನುಭವ ಬೇಕು. ಎಲ್ಲಕ್ಕಿಂತ ಮೇಲಿನ ಹಂತಕ್ಕೆ 200 ಗಂಟೆ ಶಿಕ್ಷಣ, 2,500 ಗಂಟೆ ಅನುಭವ. ಇದೆಲ್ಲ ವೃತ್ತಿಯವರು ತಾವೇ ಮಾಡಿಕೊಂಡ ಏರ್ಪಾಡು. ವಕೀಲರಿಗೆ, ವೈದ್ಯರಿಗೆ ಇರುವಂಥ ಸನ್ನದು ನಮ್ಮ ದೇಶದಲ್ಲಿ ಕೋಚ್‌ಗಳಿಗೆ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಆದ್ದರಿಂದ ಕರೆಸುವವರೇ ನೋಡಿ ಆರಿಸಬೇಕು.

ದೋಷ ಹುಡುಕುವುದನ್ನು ಬಿಟ್ಟು ಬಲದಿಂದ ಆರಂಭಿಸುವ ಕೋಚ್‌ಗಳದು ಇದರೊಳಗೇ ಒಂದು ಕವಲು. ಅದರ ಬೇರು ಅಮೆರಿಕದ ನೆಬ್ರಾಸ್ಕಾದಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಶೈಕ್ಷಣಿಕ ಮನೋವಿಜ್ಞಾನ ಕಲಿಸುತ್ತಿದ್ದ ಡೊನಾಲ್ಡ್ ಕ್ಲಿಫ್ಟನ್, ಮನುಷ್ಯನಲ್ಲಿ ಕೆಟ್ಟಿರುವುದನ್ನೇ ಹುಡುಕುವ ಬದಲು ಸರಿಯಿರುವುದನ್ನು ಅಧ್ಯಯನ ಮಾಡಿದರೆ ಏನು ಸಿಕ್ಕೀತು ಎಂದು ಕೇಳಿದವರು. 1969ರಲ್ಲಿ ಅವರು ಆರಂಭಿಸಿದ ಸಂಸ್ಥೆ 1988ರಲ್ಲಿ ಗ್ಯಾಲಪ್ ಅನ್ನು ಕೊಂಡುಕೊಂಡಿತು; ಜನಾಭಿಪ್ರಾಯ ಸಮೀಕ್ಷೆಗೆ ಹೆಸರಾದ ಅದೇ ಗ್ಯಾಲಪ್. ಕ್ಲಿಫ್ಟನ್ ಮತ್ತು ಅವರ ಜೊತೆಗಾರರು ರೂಪಿಸಿದ ಪರೀಕ್ಷೆಗೆ ಈಗ ಕ್ಲಿಫ್ಟನ್‌ಸ್ಟ್ರೆಂಗ್ತ್ಸ್ ಎಂದು ಹೆಸರು. ಪರದೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ವಾಕ್ಯ ಮೂಡುತ್ತದೆ. ಎರಡರಲ್ಲಿ ಯಾವುದು ನಿಮಗೆ ಹೆಚ್ಚು ಒಪ್ಪುತ್ತದೆ, ಎಷ್ಟು ಒಪ್ಪುತ್ತದೆ ಎಂಬುದನ್ನು ನಡುವಿನ ಗುಂಡಿ ಒತ್ತಿ ಹೇಳಬೇಕು. 20 ಸೆಕೆಂಡಿನೊಳಗೆ ಒತ್ತದಿದ್ದರೆ ಆ ಜೋಡಿ ಮಾಯವಾಗಿ ಮುಂದಿನದು ಬರುತ್ತದೆ. ಹೀಗೆ 177 ಜೋಡಿ. ಕೊನೆಗೆ 34 ಗುಣಗಳ ಪೈಕಿ ನಿಮ್ಮಲ್ಲಿ ಮುಂದಿರುವ ಐದು ಯಾವುವು ಎಂಬ ವರದಿ ಕೈಗೆ ಬರುತ್ತದೆ. ಇದೊಂದೇ ಅಳತೆಗೋಲು ಎಂದೇನಿಲ್ಲ. ಮನೋವಿಜ್ಞಾನಿಗಳಾದ ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ 2004ರಲ್ಲಿ ಪ್ರಕಟಿಸಿದ 24 ಗುಣಗಳ ವರ್ಗೀಕರಣವನ್ನು ಆಧರಿಸಿದ ಪರೀಕ್ಷೆಯೂ ಬಳಕೆಯಲ್ಲಿದೆ, ಅದನ್ನು ಹಣ ಕೊಡದೆಯೇ ತೆಗೆದುಕೊಳ್ಳಬಹುದು. ಕ್ಲಿಫ್ಟನ್ ಪಂಥದಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ಪರೀಕ್ಷೆಯಲ್ಲ, ಅದರ ಹಿಂದಿನ ಒಂದು ಭೇದ. ಹುಟ್ಟಿನಿಂದ ಬಂದ ಒಲವು ಇನ್ನೂ ಬಲವಲ್ಲ. ಅದಕ್ಕೆ ತಿಳಿವಳಿಕೆ, ಕೌಶಲ, ಅಭ್ಯಾಸ ಸೇರಿದಾಗಲೇ ಬಲ. ವರದಿ ತೋರಿಸುವುದು ಒಲವನ್ನು ಮಾತ್ರ. ಅದನ್ನು ಬಲವಾಗಿಸುವುದು ಕೆಲಸದ ಜಾಗದಲ್ಲಿ, ತಿಂಗಳುಗಟ್ಟಲೆ ಆಗಬೇಕಾದ ಕೃಷಿ. ಕೋಚ್‌ಗೆ ಸಂಬಳ ಕೊಡುವುದಾದರೆ ಆ ಕೃಷಿಗೆ ಕೊಡಬೇಕು.

ಆ ಕೃಷಿ ಹೇಗಿರುತ್ತದೆ ಎಂದು ನೋಡಲು ಒಬ್ಬ ಸಂಯೋಜಕಿಯನ್ನು ಊಹಿಸಿಕೊಳ್ಳೋಣ. ತಾಲ್ಲೂಕಿನ ಹಳ್ಳಿಗಳಲ್ಲಿ ಎಂಟು ವರ್ಷ ಓಡಾಡಿದ ಕಾರ್ಯಕರ್ತೆ. ಪ್ರತಿ ಅಂಗನವಾಡಿ ಕಾರ್ಯಕರ್ತೆಯ ಮನೆಯ ಕಷ್ಟಸುಖ ಗೊತ್ತು. ಕೆಲಸ ಮೆಚ್ಚಿ ಸಂಸ್ಥೆ ಆಕೆಯನ್ನು ಪ್ರಾಜೆಕ್ಟ್ ಕೋಆರ್ಡಿನೇಟರ್ ಮಾಡಿದೆ. ಈಗ ಆಕೆಯ ಎದುರು ಲ್ಯಾಪ್‌ಟಾಪು, ಎಕ್ಸೆಲ್ ಶೀಟು, ತಿಂಗಳ ಕೊನೆಗೆ ಫಂಡರ್‌ಗೆ ಹೋಗಬೇಕಾದ ವರದಿ. ವರದಿ ಪ್ರತಿ ತಿಂಗಳೂ ತಡ. ನಿರ್ದೇಶಕರು ಗದರುತ್ತಾರೆ, ಎಕ್ಸೆಲ್ ತರಬೇತಿಗೆ ಕಳಿಸಿ ಎಂದು ಟ್ರಸ್ಟಿಗಳು ಹೇಳುತ್ತಾರೆ. ಬಲದಿಂದ ಆರಂಭಿಸುವ ಕೋಚ್ ತರಬೇತಿಯ ಮಾತೆತ್ತುವುದಿಲ್ಲ. ಹೋದ ತಿಂಗಳು ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಎಂದು ಕೇಳುತ್ತಾರೆ. ಜಗಳವಾಡಿ ಸಭೆಗೆ ಬರುವುದನ್ನೇ ಬಿಟ್ಟಿದ್ದ ಸಂಘವೊಂದನ್ನು ಮತ್ತೆ ಕೂಡಿಸಿದ್ದನ್ನು ಆಕೆ ಹೇಳುತ್ತಾರೆ. ಮೊದಲು ಏನು ಮಾಡಿದಿರಿ? ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದವರ ಮನೆಗೆ ಹೋಗಿ ಚಹಾ ಕುಡಿದೆ. ಅಂದರೆ ಎದುರಿಗೆ ಕೂತು ಮಾತಾಡದೆ ಯಾವುದನ್ನೂ ನಂಬದ ಸ್ವಭಾವ. ವರದಿ ತಡವಾಗುವುದು ಯಾಕೆಂದು ಈಗ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ: ಹಳ್ಳಿಯಿಂದ ಬಂದ ಒಂದೊಂದು ಸಂಖ್ಯೆಯನ್ನೂ ಫೋನು ಮಾಡಿ ವಿಚಾರಿಸದೆ ಆಕೆಗೆ ಶೀಟಿಗೆ ತುಂಬಲು ಮನಸ್ಸಾಗುವುದಿಲ್ಲ. ಅಡ್ಡಿಯಾಗಿದ್ದದ್ದು ಎಕ್ಸೆಲ್ ಅಲ್ಲವೇ ಅಲ್ಲ. ಆಕೆಯನ್ನು ಒಳ್ಳೆಯ ಕಾರ್ಯಕರ್ತೆಯನ್ನಾಗಿ ಮಾಡಿದ ಗುಣವೇ ಇಲ್ಲಿ ತಡಕ್ಕೆ ಕಾರಣ. ಹಾಗಾದರೆ ಕಚೇರಿಯ ಡೇಟಾ ಎಂಟ್ರಿ ಹುಡುಗ 25ನೇ ತಾರೀಕಿಗೆ ಶೀಟು ತುಂಬಲಿ. 26ಕ್ಕೆ ಆಕೆ ಒಂದು ಗಂಟೆ ಕೂತು ಯಾವ ಸಂಖ್ಯೆ ಸರಿಯಿಲ್ಲ ಅನ್ನಿಸುತ್ತದೋ ಅದಕ್ಕಷ್ಟೇ ಫೋನು ಮಾಡಲಿ. ಬಿಡಿಸಿದ ಮೇಲೆ ಒಗಟು ಸಣ್ಣದಾಗಿಯೇ ಕಾಣುತ್ತದೆ. ಆದರೆ ಗದರಿಕೆ ಮತ್ತು ತರಬೇತಿ ಎಂಬ ಎರಡೇ ಔಷಧ ಗೊತ್ತಿರುವ ಕಚೇರಿಯಲ್ಲಿ ಅದನ್ನು ಯಾರೂ ಬಿಡಿಸುವುದಿಲ್ಲ; ಆಕೆ ಒಂದು ದಿನ ಕೆಲಸ ಬಿಟ್ಟು ಹೋಗುತ್ತಾರೆ, ಎಂಟು ವರ್ಷದ ಪರಿಚಯಗಳೂ ಜೊತೆಗೇ ಹೋಗುತ್ತವೆ.

ಇದು ಸುಲಭದ ಭಾಗ. ಕಷ್ಟದ ಭಾಗ ನಿರ್ದೇಶಕರ ಕೋಣೆಯಲ್ಲಿದೆ. ಸೇವಾಸಂಸ್ಥೆ ಕಟ್ಟಿದವರ ಬಲಗಳನ್ನು ಯಾರೂ ಪರೀಕ್ಷೆ ಮಾಡಿ ತಿಳಿಯಬೇಕಿಲ್ಲ: ಒಪ್ಪಿಕೊಂಡ ಮಾತು ತಪ್ಪದ ಹಟ, ನಂಬಿದ ಮೌಲ್ಯಕ್ಕೆ ನಿಲ್ಲುವುದು, ಎಂಥ ಅಧಿಕಾರಿಯ ಮುಂದೂ ಮಾತಾಡುವ ಧೈರ್ಯ. ಈ ಗುಣಗಳಿಂದಲೇ ಸಂಸ್ಥೆ ಹುಟ್ಟಿದೆ. ಇಪ್ಪತ್ತು ವರ್ಷದ ನಂತರ ನೋಡಿದರೆ ಇವೇ ಗುಣಗಳು ಅತಿಯಾಗಿ, ಎಲ್ಲ ಕಾಗದವೂ ಅವರ ಮೇಜಿನ ಮೇಲೆ ನಿಂತಿರುತ್ತದೆ. ಮಾತು ತಪ್ಪದವರಿಗೆ ಹೊಸ ಯೋಜನೆ ಬೇಡ ಎನ್ನಲು ಬರುವುದಿಲ್ಲ, ಸಿಬ್ಬಂದಿ ಸುಸ್ತಾಗುತ್ತಾರೆ. ಮೌಲ್ಯಕ್ಕೆ ನಿಲ್ಲುವವರಿಗೆ ರಜೆ ಕೇಳುವ ಕಿರಿಯ ಸಹೋದ್ಯೋಗಿ ನಿಷ್ಠೆ ಸಾಲದವಳಂತೆ ಕಾಣುತ್ತಾಳೆ. ರಾಬರ್ಟ್ ಕ್ಯಾಪ್ಲನ್ ಮತ್ತು ರಾಬರ್ಟ್ ಕೈಸರ್ ಎಂಬ ಅಮೆರಿಕದ ಇಬ್ಬರು ಸಲಹೆಗಾರರು ನಾಯಕರನ್ನು ವರ್ಷಗಟ್ಟಲೆ ಅಳೆದು, 2013ರಲ್ಲಿ ‘ಫಿಯರ್ ಯುವರ್ ಸ್ಟ್ರೆಂಗ್ತ್ಸ್’ ಎಂಬ ಪುಸ್ತಕ ಬರೆದರು. ಅವರ ಅಳತೆಗೋಲಿನಲ್ಲಿ ‘ಕಡಿಮೆ’ ಎಂಬ ತುದಿಯ ಜೊತೆಗೆ ‘ಅತಿ’ ಎಂಬ ತುದಿಯೂ ಇದೆ. ಸಾಮಾನ್ಯ ಅಳತೆಗಳಲ್ಲಿ ಹೆಚ್ಚು ಅಂಕ ಬಂದಷ್ಟೂ ಒಳ್ಳೆಯದು. ಇಲ್ಲಿ ನಡುವಿನಲ್ಲಿರುವುದು ಒಳ್ಳೆಯದು. ಹಾಗೆ ಅಳೆದಾಗ ಕಂಡದ್ದು, ಜನ ತಮ್ಮ ಬಲಕ್ಕೆ ಸೇರಿದ ವರ್ತನೆಯನ್ನೇ ಅತಿಗೆ ಒಯ್ಯುತ್ತಾರೆ ಎಂಬುದು. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಮನೆಗಳಲ್ಲಿ ಹೇಳುವ ಮಾತೇ ಇದು. ಆದರೆ ಒಬ್ಬ ಸ್ಥಾಪಕರಿಗೆ ಅವರ ನಿಷ್ಠೆಯೇ ಅತಿಯಾಗಿದೆ ಎಂದು ಹೇಳುವ ಧೈರ್ಯ ಅವರ ಕೈಕೆಳಗಿನ ಯಾರಿಗೂ ಇರುವುದಿಲ್ಲ. ಟ್ರಸ್ಟಿಗಳು ಹೆಚ್ಚಾಗಿ ಅವರ ಅಭಿಮಾನಿಗಳೇ. ಈ ಒಂದು ವಾಕ್ಯವನ್ನು ಗೌರವದಿಂದ, ಪುರಾವೆ ಸಮೇತ ಹೇಳಬಲ್ಲವರು ಕೋಚ್. ಬಲವನ್ನು ಹೊಗಳಿ ಖುಷಿಪಡಿಸಿ ಹೋಗುವ ಕೋಚ್ ಸೇವಾಸಂಸ್ಥೆಗೆ ಕೇಡು ಮಾಡುತ್ತಾರೆ ಎಂದೇ ನನ್ನ ಅಭಿಪ್ರಾಯ.

ಒಬ್ಬರ ಮೇಲೆ ಎಲ್ಲವೂ ನಿಂತರೆ ಆ ಒಬ್ಬರಿಗೆ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ. ಅಮೆರಿಕದಲ್ಲಿ ಕಂಪಾಸ್‌ಪಾಯಿಂಟ್ ಮತ್ತು ಮೇಯರ್ ಫೌಂಡೇಷನ್ ಎಂಬ ಎರಡು ಸಂಸ್ಥೆಗಳು ಸೇರಿ 2006ರಲ್ಲಿ ಸೇವಾಸಂಸ್ಥೆಗಳ ಕಾರ್ಯನಿರ್ವಾಹಕ ನಿರ್ದೇಶಕರನ್ನು ಕೇಳಿದಾಗ, ನಾಲ್ವರಲ್ಲಿ ಮೂವರು ಇನ್ನು ಐದು ವರ್ಷದೊಳಗೆ ಈ ಹುದ್ದೆ ಬಿಡುವುದಾಗಿ ಹೇಳಿದ್ದರು. 2011ರಲ್ಲಿ ಮತ್ತೆ ಕೇಳಿದಾಗ ಆ ಪ್ರಮಾಣ ಶೇ 67ಕ್ಕೆ ಇಳಿದಿತ್ತು, ಅಷ್ಟೇ. ಅಲ್ಲಿನ ನಿರ್ದೇಶಕರು ಹುದ್ದೆ ಬಿಡುತ್ತಾರೆ. ನಮ್ಮಲ್ಲಿ ಸ್ಥಾಪಕರು ಬಿಡಲಾರದೆ ಉಳಿಯುತ್ತಾರೆ. ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣ ಎಂದು ನನಗೆ ತೋರುತ್ತದೆ. ಬೇರೆ ದಾರಿಯೂ ಇದೆ ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ನಿದರ್ಶನ ಫ್ರಾನ್ಸಿಸ್ ಹೆಸಲ್ಬೈನ್ ಅವರದು. ಹುಡುಗಿಯರ ಸ್ಕೌಟ್ ಪಡೆಯೊಂದರ ಸ್ವಯಂಸೇವಕಿಯಾಗಿ ಆರಂಭಿಸಿದ ಅವರು 1976ರಿಂದ 1990ರವರೆಗೆ ಇಡೀ ಅಮೆರಿಕದ ಗರ್ಲ್ ಸ್ಕೌಟ್ಸ್ ಸಂಸ್ಥೆಯನ್ನು ನಡೆಸಿದರು. ಮೇಲೊಬ್ಬರು, ಕೆಳಗೆ ಸಾಲು ಸಾಲು ಪೆಟ್ಟಿಗೆಗಳಿರುವ ನಕ್ಷೆಯನ್ನು ತೆಗೆದುಹಾಕಿ, ಒಂದರ ಹೊರಗೊಂದು ವೃತ್ತಗಳಿರುವ ನಕ್ಷೆ ಬರೆಸಿದರು. ಮುಖ್ಯಸ್ಥರ ಜಾಗ ನೆತ್ತಿಯ ಮೇಲಲ್ಲ, ನಡುವೆ. ಹದಿನಾಲ್ಕು ವರ್ಷಕ್ಕೆ ಕುರ್ಚಿ ಬಿಟ್ಟರು. ಅದೇ 1990ರಲ್ಲಿ ನಿರ್ವಹಣಾ ಚಿಂತಕ ಪೀಟರ್ ಡ್ರಕರ್ ಸೇವಾಸಂಸ್ಥೆಗಳ ನಿರ್ವಹಣೆ ಕುರಿತ ತಮ್ಮ ಪುಸ್ತಕ ಪ್ರಕಟಿಸಿದರು, ಅವರ ಹೆಸರಿನ ಪ್ರತಿಷ್ಠಾನಕ್ಕೆ ಹೆಸಲ್ಬೈನ್ ಮುಖ್ಯಸ್ಥೆಯಾದರು. ವ್ಯಕ್ತಿಗಳ ಬಲ ಕೆಲಸಕ್ಕೆ ಬರುವಂತೆ, ಅವರ ಕೊರತೆ ಕೆಲಸಕ್ಕೆ ಅಡ್ಡ ಬಾರದಂತೆ ಏರ್ಪಡಿಸುವುದೇ ಸಂಘಟನೆ ಎಂದು ಡ್ರಕರ್ 1960ರ ದಶಕದಿಂದಲೇ ಹೇಳುತ್ತ ಬಂದಿದ್ದರು. ಗಮನಿಸಬೇಕಾದದ್ದು, ಅವರು ಮಾತಾಡಿದ್ದು ವ್ಯಕ್ತಿಯ ಬಗ್ಗೆಯಲ್ಲ, ಏರ್ಪಾಡಿನ ಬಗ್ಗೆ.

ಇದೆಲ್ಲ ಹೊರದೇಶದ ಸರಕು, ಕಾರ್ಪೊರೇಟ್ ಭಾಷೆ, ನಮ್ಮ ಸಂಸ್ಥೆಗಳಿಗೆ ಹೊಂದದು ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಪರೀಕ್ಷೆ ಹೊರಗಿನದು, ನಿಜ. ವಿಚಾರ ಹೊರಗಿನದಲ್ಲ, ಅದಕ್ಕೆ ಕರ್ನಾಟಕದಲ್ಲೇ ಗಟ್ಟಿ ಸಾಕ್ಷಿಯಿದೆ. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, ಎಂಬತ್ತರ ದಶಕದ ನಡುವಿನಲ್ಲಿ ಒಂದು ಸೋಲಿನಿಂದ ಪಾಠ ಕಲಿಯಿತು. ದೊಡ್ಡ ಸಹಕಾರ ಸಂಘಗಳು ಒಡೆದಾಗ, ಅವುಗಳ ಸದಸ್ಯರು ಪರಸ್ಪರ ನಂಬಿಕೆಯಿದ್ದವರೊಂದಿಗೆ ಸಣ್ಣ ಸಣ್ಣ ಗುಂಪುಗಳಾಗಿ ಕೂಡಿಕೊಂಡು ಹಣ ಉಳಿಸತೊಡಗಿದರು. ಸಂಸ್ಥೆ ಆ ಗುಂಪುಗಳನ್ನು ದುರಸ್ತಿ ಮಾಡಬೇಕಾದ ಚೂರುಗಳೆಂದು ನೋಡಲಿಲ್ಲ. ಆ ನಂಟೇ ಬಡವರ ಕೈಯಲ್ಲಿರುವ ಬಂಡವಾಳ ಎಂದು ಗುರುತಿಸಿ ಅದರ ಮೇಲೆ ಕಟ್ಟಿತು. ನಬಾರ್ಡ್ ಹತ್ತು ಲಕ್ಷ ರೂಪಾಯಿ ಕೊಟ್ಟು ಪ್ರಯೋಗವನ್ನು ಬೆಂಬಲಿಸಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಆರಂಭವಾಯಿತು. ಇಂದು ನಮ್ಮ ಊರೂರಿನ ಸ್ವಸಹಾಯ ಸಂಘಗಳ ಹಿಂದೆ ಈ ಚರಿತ್ರೆಯಿದೆ. ಮುಂದೆ ಇದೇ ಮೈರಾಡ, ಕೆನಡಾದ ಇಂಟರ್‌ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಸಸ್ಟೇನಬಲ್ ಡೆವಲಪ್‌ಮೆಂಟ್ ಜೊತೆ ಸೇರಿ ‘ಅಪ್ರಿಸಿಯೇಟಿವ್ ಇನ್‌ಕ್ವೈರಿ’ ಎಂಬ ವಿಧಾನವನ್ನು ಹಳ್ಳಿಗಳಲ್ಲಿ ಬಳಸಿ ನೋಡಿತು. ಅದರ ಅನುಭವ 2001ರಲ್ಲಿ ‘ದಿ ಪಾಸಿಟಿವ್ ಪಾತ್’ ಎಂಬ ಪುಸ್ತಕವಾಗಿ ಬಂತು. ಡೇವಿಡ್ ಕೂಪರ್‌ರೈಡರ್ ಅಮೆರಿಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಹಳ್ಳಿಯವರನ್ನು ನಿಮ್ಮ ಸಮಸ್ಯೆ ಏನು ಎಂದು ಮೊದಲು ಕೇಳುವುದಿಲ್ಲ. ಈ ಊರಲ್ಲಿ ಎಲ್ಲರೂ ಸೇರಿ ಚೆನ್ನಾಗಿ ಮಾಡಿದ ಕೆಲಸ ಯಾವುದು, ಅದು ಹೇಗೆ ಸಾಧ್ಯವಾಯಿತು ಎಂದು ಕೇಳುತ್ತಾರೆ. ಸಮಸ್ಯೆ ಕೇಳಿದರೆ ಅರ್ಜಿ ಸಿಗುತ್ತದೆ, ಮಾಡಿದ ಕೆಲಸ ಕೇಳಿದರೆ ಮಾಡಿದವರ ಹೆಸರು ಸಿಗುತ್ತದೆ.

ಸ್ವಸಹಾಯ ಸಂಘದ ಪಾಠದಲ್ಲಿ ಇನ್ನೊಂದು ಅಂಶವಿದೆ, ಅದು ನನ್ನ ವಾದಕ್ಕೆ ನೇರವಾಗಿ ಸೇರುತ್ತದೆ. ಸಂಘದ ಪ್ರತಿನಿಧಿಗಳು ಬದಲಾಗುತ್ತಿರಬೇಕು, ಸಭೆ ನಡೆಸುವ ಸರದಿ ಎಲ್ಲರಿಗೂ ಬರಬೇಕು, ಲೆಕ್ಕದ ಪುಸ್ತಕ ಒಬ್ಬರ ಮನೆಯಲ್ಲೇ ಉಳಿಯಬಾರದು ಎಂದು ಸೇವಾಸಂಸ್ಥೆಗಳು ಹಳ್ಳಿಯ ಹೆಂಗಸರಿಗೆ ದಶಕಗಳಿಂದ ಹೇಳಿಕೊಡುತ್ತಿವೆ. ಓದು ಬಾರದವರು ಚಾಪೆಯ ಮೇಲೆ ಕೂತು ಸರದಿಯ ಪ್ರಕಾರ ಸಭೆ ನಡೆಸುವುದನ್ನು ಕಲಿತಿದ್ದಾರೆ. ಹೇಳಿಕೊಟ್ಟ ಸಂಸ್ಥೆಯ ಕಚೇರಿಗೆ ಬಂದರೆ ಅದೇ ನಿರ್ದೇಶಕರು, ಅದೇ ಚೆಕ್ ಸಹಿ, ಅದೇ ಸೋಮವಾರದ ಸಭೆಯಲ್ಲಿ ಒಬ್ಬರದೇ ಮಾತು. ಇದು ನನ್ನನ್ನು ಬಹಳ ನೋಯಿಸುವ ಸಂಗತಿ, ಏಕೆಂದರೆ ಕಾರಣ ದುರುದ್ದೇಶವಲ್ಲ. ತಾವು ಬಿಟ್ಟರೆ ಕೆಲಸ ಕೆಡುತ್ತದೆ ಎಂಬ ನಿಜವಾದ ಕಳಕಳಿ ಅದು. ಕಳಕಳಿ ನಿಜವಾದ್ದರಿಂದಲೇ ಅದನ್ನು ಪ್ರಶ್ನಿಸುವುದು ಕಷ್ಟ.

ಇನ್ನೊಂದು ಆಕ್ಷೇಪ ವಿಜ್ಞಾನದ್ದು. ಐದು ಗುಣ ಬರೆದುಕೊಟ್ಟರೆ ಯಾರಿಗೂ ತಮ್ಮದೇ ಅನ್ನಿಸುತ್ತದೆ, ಇದು ಜಾತಕವಲ್ಲದೆ ಮತ್ತೇನು? ಈ ಸಂದೇಹಕ್ಕೆ ಒಳ್ಳೆಯ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ಎಲ್ಲರ ಕೈಗೂ ಒಂದೇ ಬರಹವನ್ನು ನಿಮ್ಮ ಫಲಿತಾಂಶ ಎಂದು ಕೊಟ್ಟರು. ನಿಮಗೆ ಎಷ್ಟು ಹೊಂದುತ್ತದೆ ಎಂದು ಕೇಳಿದಾಗ ಐದಕ್ಕೆ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಅಂಕ ಬಂತು. ಆದ್ದರಿಂದ ವರದಿ ಓದಿ ಹೌದು, ಇದು ನಾನೇ ಅನ್ನಿಸುವುದು ವರದಿ ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಇನ್ನೂ ಒಂದು ಮಿತಿಯಿದೆ. ನಿಮ್ಮ ಗುಣಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುವ ವರದಿ, ನಿಮ್ಮೊಳಗೆ ಯಾವುದು ಮುಂದಿದೆ ಎಂದು ಹೇಳುತ್ತದೆಯೇ ಹೊರತು, ಆ ಗುಣದಲ್ಲಿ ನೀವು ಪಕ್ಕದ ಮೇಜಿನವರಿಗಿಂತ ಮುಂದೆ ಎಂದು ಹೇಳುವುದಿಲ್ಲ. ನೌಕರಿಗೆ ಆಯ್ಕೆ ಮಾಡಲು ಈ ಪರೀಕ್ಷೆ ಬಳಸಬೇಡಿ ಎಂದು ಗ್ಯಾಲಪ್ ತಾನೇ ಹೇಳುತ್ತದೆ. ಆದರೂ ಬಡ್ತಿಯ ಫೈಲಿನಲ್ಲಿ ವರದಿ ಲಗತ್ತಿಸುವ ಆಸೆ ಸಂಸ್ಥೆಗಳಿಗೆ ಬರುತ್ತದೆ. ನಮ್ಮಲ್ಲಿ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ಯೋಚಿಸುವ ಕ್ಷೇತ್ರ ಕಾರ್ಯಕರ್ತರನ್ನು ಇಂಗ್ಲಿಷ್ ವಾಕ್ಯಗಳ ಮುಂದೆ ಕೂರಿಸಿ 20 ಸೆಕೆಂಡಿನ ಗಡುವು ಕೊಟ್ಟರೆ, ಅಳೆದದ್ದು ಗುಣವೋ ಇಂಗ್ಲಿಷೋ? ಕ್ಷೇತ್ರ ಸಿಬ್ಬಂದಿಗೆ ಪರೀಕ್ಷೆಯನ್ನೇ ಬಿಟ್ಟು, ಆ ಸಂಯೋಜಕಿಗೆ ಕೇಳಿದಂತೆ ನಡೆದ ಕೆಲಸವನ್ನೇ ಕೇಳಿ ತಿಳಿಯುವುದು ಹೆಚ್ಚು ಸರಿ ಎನ್ನುವ ಕೋಚ್‌ಗಳ ಪಕ್ಷ ನನ್ನದು. ಜಾತಕಕ್ಕೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲಿಯೇ. ಜಾತಕ ಹೇಳಿದ್ದನ್ನು ನಂಬಬೇಕು. ಕೋಚ್ ಮುಂದಿಟ್ಟದ್ದನ್ನು ಮುಂದಿನ ತಿಂಗಳ ಕೆಲಸದಲ್ಲಿ ಪರೀಕ್ಷಿಸಿ, ಹೊಂದದಿದ್ದರೆ ಬಿಸಾಡಬಹುದು.

ಇನ್ನು ಹಣ. ಮಕ್ಕಳ ಊಟಕ್ಕೆಂದು ಬಂದ ದುಡ್ಡಿನಲ್ಲಿ ನಿರ್ದೇಶಕರಿಗೆ ಕೋಚ್ ಯಾಕೆ ಎಂದು ದಾನಿಗಳು ಕೇಳುತ್ತಾರೆ, ಮತ್ತು ಆ ಪ್ರಶ್ನೆಗೆ ಹೆದರಿ ಸಂಸ್ಥೆಗಳು ಆ ಸಾಲನ್ನು ಬಜೆಟ್ಟಿನಲ್ಲಿ ಬರೆಯುವುದೇ ಇಲ್ಲ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂದು, ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದ ಮೇಲೆ ಈ ಅಂಜಿಕೆ ಇನ್ನೂ ಹೆಚ್ಚಿದೆ. ಸಂಸ್ಥೆಯ ಒಳವ್ಯವಸ್ಥೆಗೆ ಖರ್ಚು ಮಾಡದೆ ಹೋದರೆ ಏನಾಗುತ್ತದೆ ಎಂಬುದನ್ನು ಆನ್ ಗಾಗಿನ್ಸ್ ಗ್ರೆಗರಿ ಮತ್ತು ಡಾನ್ ಹೊವರ್ಡ್ 2009ರಲ್ಲಿ ‘ಸ್ಟ್ಯಾನ್‌ಫರ್ಡ್ ಸೋಶಿಯಲ್ ಇನ್ನೊವೇಷನ್ ರಿವ್ಯೂ’ ಪತ್ರಿಕೆಯಲ್ಲಿ ವಿವರಿಸಿದ್ದಾರೆ. ದಾನಿಗಳು ಒಳಖರ್ಚು ಕಡಿಮೆಯಿರಲಿ ಎಂದು ಬಯಸುತ್ತಾರೆ. ಸಂಸ್ಥೆಗಳು ಅದನ್ನು ಕಡಿಮೆ ಮಾಡಿ ತೋರಿಸುತ್ತವೆ. ತೋರಿಸಿದ್ದನ್ನು ನೋಡಿ ದಾನಿಗಳು ಇಷ್ಟೇ ಸಾಕಲ್ಲ ಎಂದುಕೊಳ್ಳುತ್ತಾರೆ. ಹಸಿವು ಹೀಗೆ ಸುತ್ತುತ್ತದೆ. ಇಷ್ಟಾದರೂ, ದುಬಾರಿ ಕೋಚ್‌ನ ಪರ ನಾನು ವಾದಿಸುತ್ತಿಲ್ಲ. ಸಾಕ್ಷ್ಯವೇ ಬೇರೆ ದಾರಿ ತೋರಿಸುತ್ತದೆ. ರೆಬೆಕಾ ಜೋನ್ಸ್ ಮತ್ತು ಇನ್ನಿಬ್ಬರು ಸಂಶೋಧಕರು 2016ರಲ್ಲಿ ಕೆಲಸದ ಸ್ಥಳದ ಕೋಚಿಂಗ್ ಕುರಿತ 17 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಟ್ಟಾರೆ ಪ್ರಯೋಜನವಿದೆ ಎಂದು ಕಂಡಿತು, ಅದು ಅಚ್ಚರಿಯಲ್ಲ. ಅಚ್ಚರಿ ಇರುವುದು ಇನ್ನೆರಡು ಸಂಗತಿಗಳಲ್ಲಿ: ಹೊರಗಿನಿಂದ ಬಂದ ಕೋಚ್‌ಗಳಿಗಿಂತ ಸಂಸ್ಥೆಯೊಳಗೇ ಕೋಚ್ ಆದವರಿಂದ ಹೆಚ್ಚು ಪರಿಣಾಮ ಕಂಡಿತ್ತು, ಕೋಚಿಂಗ್ ಹೆಚ್ಚು ಕಾಲ ನಡೆದಷ್ಟೂ ಪರಿಣಾಮ ಹೆಚ್ಚುತ್ತದೆ ಎಂದೇನೂ ಕಾಣಲಿಲ್ಲ. ಹದಿನೇಳು ಅಧ್ಯಯನ ಬಹಳವೇನಲ್ಲ, ಅವುಗಳಲ್ಲಿ ಹಲವು ಕಂಪನಿಗಳವು, ಒಪ್ಪುತ್ತೇನೆ. ಆದರೂ ದಿಕ್ಕು ಸ್ಪಷ್ಟವಾಗಿದೆ. ಹೊರಗಿನ ಕೋಚ್ ಸ್ವಲ್ಪ ಕಾಲ ಬಂದು, ಸ್ಥಾಪಕರ ಜೊತೆ ಆ ಕಷ್ಟದ ಮಾತಾಡಿ, ಒಳಗಿನ ಇಬ್ಬರು ಮೂವರಿಗೆ ಕೇಳುವ ವಿದ್ಯೆ ಕಲಿಸಿ ಹೋಗಲಿ. ಆಮೇಲೆ ಸಂಯೋಜಕಿಯರಿಗೆ, ಕಾರ್ಯಕರ್ತರಿಗೆ ಒಳಗಿನವರೇ ಕನ್ನಡದಲ್ಲಿ ಕೋಚ್ ಆಗಲಿ.

ಎಲ್ಲಕ್ಕಿಂತ ಗಂಭೀರ ಆಕ್ಷೇಪ ಇವು ಯಾವುವೂ ಅಲ್ಲ. ಕಾರ್ಯಕರ್ತರಿಗೆ ಮೂರು ತಿಂಗಳಿಂದ ಸಂಬಳ ಬಂದಿಲ್ಲ, ಕೆಲಸ ಪ್ರಾಜೆಕ್ಟಿನ ಜೊತೆಗೇ ಮಾರ್ಚಿಗೆ ಮುಗಿಯುತ್ತದೆ, ಭವಿಷ್ಯನಿಧಿ ಇಲ್ಲ, ಬೈಕಿನ ಪೆಟ್ರೋಲು ಕೈಯಿಂದ. ಅಂಥವರನ್ನು ಕೂರಿಸಿ ನಿಮ್ಮ ಬಲ ಯಾವುದು ಎಂದು ಕೇಳುವುದು ಕ್ರೌರ್ಯವಲ್ಲವೇ? ಹೌದು, ಕ್ರೌರ್ಯ. ವ್ಯವಸ್ಥೆಯ ದೋಷವನ್ನು ವ್ಯಕ್ತಿಯ ಮನಸ್ಸಿಗೆ ದಾಟಿಸುವ ಅಪಾಯ ಈ ವೃತ್ತಿಗೆ ಹುಟ್ಟಿನಿಂದಲೇ ಇದೆ, ಅದನ್ನು ನಿರಾಕರಿಸುವ ಕೋಚ್‌ಗಳನ್ನು ನಂಬಬಾರದು. ಸಂಬಳದ ಸಮಸ್ಯೆಗೆ ಸಂಬಳವೇ ಉತ್ತರ. ಬಲ ಗುರುತಿಸುವ ನೆಪದಲ್ಲಿ ಮುಚ್ಚಿಹೋಗಬಾರದ ದೌರ್ಬಲ್ಯಗಳೂ ಇವೆ: ಲೆಕ್ಕಪತ್ರ, ಮಕ್ಕಳ ಸುರಕ್ಷತೆ, ಲೈಂಗಿಕ ಕಿರುಕುಳದ ದೂರು ಸಮಿತಿ. ನನಗೆ ಲೆಕ್ಕ ಒಗ್ಗದು, ನನ್ನ ಬಲ ಜನಸಂಪರ್ಕ ಎಂದು ಯಾವ ನಿರ್ದೇಶಕರೂ ವೋಚರುಗಳಿಂದ ನುಣುಚಿಕೊಳ್ಳುವಂತಿಲ್ಲ. ಲೆಕ್ಕ ಬರುವವರಿಗೆ ಅಧಿಕಾರ ಕೊಟ್ಟು, ಅವರು ತಡೆದರೆ ತಾವೂ ನಿಲ್ಲಬೇಕು. ಆದರೆ ಈ ಆಕ್ಷೇಪವನ್ನು ಕೊನೆಯವರೆಗೆ ಹಿಂಬಾಲಿಸಿದರೆ ಅದು ಮತ್ತೆ ನಿರ್ದೇಶಕರ ಕೋಣೆಗೇ ಬರುತ್ತದೆ. ಸಂಬಳ ಕೊಡಲಾಗದಷ್ಟು ಯೋಜನೆಗಳನ್ನು ಒಪ್ಪಿಕೊಂಡವರು ಯಾರು? ಒಳಖರ್ಚು ಕಡಿಮೆ ಬರೆದುಕೊಟ್ಟವರು ಯಾರು? ಬಹಳ ಸಲ ಅದು ಬೇಡ ಎನ್ನಲು ಬಾರದ ಆ ಒಳ್ಳೆಯತನದ್ದೇ ಕೆಲಸ. ಕಾರ್ಯಕರ್ತರನ್ನು ಕೂರಿಸಿ ಬಲ ಕೇಳುವ ಮುನ್ನ, ಕೋಚ್ ಆ ಮೇಜಿನ ಬಳಿ ಹೋಗಿ ಸಂಬಳದ ರಿಜಿಸ್ಟರ್ ತೆರೆಸಬೇಕು.

ಹಾಗಾಗಿ ಕೋಚ್ ಕರೆಸಲು ಯೋಚಿಸುತ್ತಿರುವ ಟ್ರಸ್ಟಿಗಳಿಗೆ ನಾನು ಹೇಳುವುದು ಒಪ್ಪಂದದ ಬಗ್ಗೆ. ಪ್ರಮಾಣಪತ್ರ ಕೇಳಿ, ಎಷ್ಟು ಗಂಟೆಯ ಅನುಭವ ಎಂದು ಕೇಳಿ, ಸೇವಾಸಂಸ್ಥೆಗಳಲ್ಲಿ ಕೆಲಸ ಮಾಡಿದ್ದೀರಾ ಎಂದು ಕೇಳಿ. ನಿರ್ದೇಶಕರ ಜೊತೆ ನಡೆದ ಮಾತು ಗೋಪ್ಯವಾಗಿರುತ್ತದೆ ಎಂಬುದನ್ನು ಬರೆದುಕೊಳ್ಳಿ. ಅದಿಲ್ಲದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಮಾತು ಗೋಪ್ಯವಾಗಿರಲಿ, ಫಲಿತ ಗೋಪ್ಯವಾಗಿರಬೇಕಿಲ್ಲ. ಆರು ತಿಂಗಳ ಒಪ್ಪಂದವಾದರೆ ಆರನೆಯ ತಿಂಗಳಲ್ಲಿ ನಿರ್ದೇಶಕರು ಮೂರು ವಾರ ಫೋನು ಬಿಟ್ಟು ರಜೆ ಹೋಗಬೇಕು ಎಂಬ ಷರತ್ತನ್ನು ಆರಂಭದಲ್ಲೇ ಬರೆಯಿಸಿ. ಆ ಮೂರು ವಾರ ವೋಚರುಗಳಿಗೆ ಯಾರು ಸಹಿ ಹಾಕಿದರು, ಫಂಡರ್‌ನ ಫೋನಿಗೆ ಯಾರು ಉತ್ತರಿಸಿದರು, ಸೋಮವಾರದ ಸಭೆಯಲ್ಲಿ ಯಾರು ಯಾರು ಬಾಯಿ ತೆರೆದರು, ಯಾವ ನಿರ್ಧಾರವನ್ನು ಅವರು ಬಂದ ಮೇಲೆ ನೋಡೋಣ ಎಂದು ಮುಂದೂಡಿದರು, ಇಷ್ಟನ್ನೂ ಮುಂದಿನ ಟ್ರಸ್ಟ್ ಸಭೆಯ ನಡಾವಳಿಯಲ್ಲಿ ಬರೆದಿಡಿ. ಮುಂದೂಡಿದ ನಿರ್ಧಾರಗಳ ಪಟ್ಟಿಯನ್ನು ರಜೆಯಿಂದ ಬಂದ ನಿರ್ದೇಶಕರೇ ಓದಿ ಹೇಳಲಿ.